ಶಾಲು ಹೊದಿಸಿದ ಮರುದಿನ

ಫಲಿತಾಂಶಗಳು ಪ್ರಕಟವಾಗುತ್ತಿದ್ದಂತೆಯೇ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಪದವಿ ಪ್ರದಾನ ಮತ್ತು ಪ್ರತಿಭಾ ಪುರಸ್ಕಾರ ಸಮಾರಂಭಗಳು ಒಂದರ ಹಿಂದೆ ಒಂದರಂತೆ ಆರಂಭವಾಗುತ್ತವೆ. ವೇದಿಕೆಯ ಒಂದು ಬದಿಯಲ್ಲಿ ಹೆಚ್ಚು ಅಂಕ ಗಳಿಸಿದ ವಿದ್ಯಾರ್ಥಿಗಳು, ಇನ್ನೊಂದು ಬದಿಯಲ್ಲಿ ಸನ್ಮಾನಕ್ಕೆಂದು ಕರೆಸಲ್ಪಟ್ಟ ಓರ್ವ ಹಿರಿಯ ಕಲಾವಿದರು, ನಡುವಿನ ಕುರ್ಚಿಗಳಲ್ಲಿ ಜನಪ್ರತಿನಿಧಿಗಳು. ಇಂತಹ ಒಂದು ಸಮಾರಂಭದಲ್ಲಿ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದಾಗ ನಮ್ಮ ಪಕ್ಕದಲ್ಲಿ ತಾರಿಹಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಸಮವಸ್ತ್ರ ಧರಿಸಿದ ಓರ್ವ ವ್ಯಕ್ತಿಯಿದ್ದರು. ಅರ್ಧ ದಿನದ ರಜೆ ಹಾಕಿ ಬಂದಿದ್ದರು. ಅವರ ಮಗಳು ಬಿ.ಎ.ಯಲ್ಲಿ ಕಾಲೇಜಿಗೇ ಮೊದಲಿಗಳಾಗಿದ್ದಳು.

ಮುಖ್ಯ ಅತಿಥಿಗಳು ಎರಡು ತಾಸು ತಡವಾಗಿ ಬಂದರು. ಅಷ್ಟರವರೆಗೆ ಪದಕದ ಮಕ್ಕಳು ವೇದಿಕೆಯ ಮೇಲೆಯೇ ಕುಳಿತಿರಬೇಕಾಯಿತು. ಅತಿಥಿಗಳು ಬಂದ ಬಳಿಕ ಸ್ವಾಗತಕ್ಕೆ ಇಪ್ಪತ್ತು ನಿಮಿಷ, ಭಾಷಣಕ್ಕೆ ನಲವತ್ತು ನಿಮಿಷ. ಐದು ದಶಕಗಳ ಕಾಲ ಹಾಡಿದ ಹಿರಿಯರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಮಾತನಾಡಲು ಮೂರು ನಿಮಿಷಗಳ ಕಾಲಾವಕಾಶ ನೀಡಲಾಯಿತು. ಅವರು ಮೂರು ನಿಮಿಷವನ್ನೂ ಬಳಸಲಿಲ್ಲ. ತನ್ನ ಗುರುವಿನ ಹೆಸರನ್ನು ಹೇಳಿ, ಆ ಗುರುವಿನ ಗುರುವಿನ ಹೆಸರನ್ನೂ ಹೇಳಿ, ಕಿವಿಯನ್ನು ಮುಟ್ಟಿಕೊಂಡು ಕುಳಿತುಬಿಟ್ಟರು.

ಮದ್ರಸದ ಅಂಗಳದಲ್ಲಿ ಬೆಳೆದವರಿಗೆ ಆ ಕ್ಷಣದ ಅರ್ಥ ವಿವರಿಸಬೇಕಾಗಿಲ್ಲ. ದಸ್ತಾರ್‌ಬಂದಿಯ ದಿನ ತಲೆಗೆ ಪೇಟ ಸುತ್ತಿ ಕೈಗೆ ಕೊಡುವ ಸನದಿನಲ್ಲಿ ಅಂಕಗಳಿಗಿಂತ ಮುಖ್ಯವಾದುದು ಹೆಸರುಗಳ ಸರಪಣಿ. ಇವರು ಯಾರಿಂದ ಕಲಿತರು, ಅವರು ಯಾರಿಂದ ಕಲಿತರು ಎಂಬ ಲೆಕ್ಕ. ಹದೀಸ್ ವಿದ್ವಾಂಸರು ಇದನ್ನು ಇಸ್ನಾದ್ ಎಂದು ಕರೆದರು. ಹಿಂದುಸ್ತಾನಿ ಸಂಗೀತಗಾರರು ಅದನ್ನೇ ಘರಾನಾ ಎನ್ನುತ್ತಾರೆ ಎಂದರೆ ಪೂರ್ಣ ಸರಿಯಾಗಲಾರದು; ಆದರೆ ವಿದ್ಯೆ ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ ಕೈ ಬದಲಾಗುವ ಋಣವೆಂಬ ತಿಳುವಳಿಕೆ ಎರಡೂ ಕಡೆ ಒಂದೇ. ಕಾಲೇಜುಗಳ ವೇದಿಕೆಯಲ್ಲಿ ಈ ತಿಳುವಳಿಕೆಗೆ ಮೂರು ನಿಮಿಷವಷ್ಟೇ ಸಿಗುತ್ತಿದೆ ಎಂಬುದು ವಿಷಾದನೀಯ.

ಧಾರವಾಡ ಸೀಮೆಯಲ್ಲಂತೂ ಕಲಾವಿದರನ್ನು ವಿದ್ಯಾರ್ಥಿಗಳ ಪಕ್ಕದಲ್ಲಿ ಕೂರಿಸುವುದಕ್ಕೆ ಇತಿಹಾಸದ ಬಲವಿದೆ. ಉತ್ತರ ಪ್ರದೇಶದ ಕೈರಾನಾದಿಂದ ದಕ್ಷಿಣಕ್ಕೆ ಬಂದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮೀರಜನ್ನು ತಮ್ಮ ನೆಲೆ ಮಾಡಿಕೊಂಡರು. ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಸ್ಥಾಪಿಸಿದರು. ಮೈಸೂರಿನ ಆಸ್ಥಾನದವರೆಗೆ ಅವರ ಸಂಚಾರವಿತ್ತು. ಆ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳು ಸಿಗುತ್ತಿದ್ದವು. ಕುಂದಗೋಳದ ರಾಮಭಾವು ಎಂಬ ಬ್ರಾಹ್ಮಣ ಹುಡುಗ ಅವರ ಶಿಷ್ಯನಾಗಿ ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧನಾದ. 1937ರಲ್ಲಿ ಖಾನ್ ಸಾಹೇಬರು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಅಸ್ವಸ್ಥರಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ಕೊನೆಯುಸಿರೆಳೆದರು. ಮೀರಜಿನಲ್ಲಿ ಅವರ ಸಮಾಧಿಯಿದೆ.

ಸವಾಯಿ ಗಂಧರ್ವರು ತಾವು ಪಡೆದುದನ್ನು ಯಾರಿಗೆ ಕೊಟ್ಟರು? ಗದಗ ಸೀಮೆಯಿಂದ ಹನ್ನೊಂದರ ಹರೆಯದಲ್ಲಿ ಮನೆ ಬಿಟ್ಟು ಗುರುವನ್ನು ಅರಸುತ್ತಾ ಊರೂರು ಅಲೆದ ಭೀಮಸೇನ ಜೋಶಿಯವರಿಗೆ. ಮತ್ತು ಸಮಾಜವು ಗೌರವದ ಸ್ಥಾನ ನೀಡಲು ನಿರಾಕರಿಸಿದ್ದ ಹಿನ್ನೆಲೆಯ ಓರ್ವ ಹೆಣ್ಣುಮಗಳಿಗೆ. ಗಂಗೂಬಾಯಿ ಹಾನಗಲ್ 1913ರಲ್ಲಿ ಧಾರವಾಡದಲ್ಲಿ ಜನಿಸಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅವರ ಹಾಡು ಕೇಳಲು ಅಬ್ದುಲ್ ಕರೀಮ್ ಖಾನರು ಮನೆಗೆ ಬರುತ್ತಿದ್ದರು. ಮಗಳ ಒಲವು ಹಿಂದುಸ್ತಾನಿಯ ಕಡೆಗಿರುವುದನ್ನು ಕಂಡು ಆ ತಾಯಿ 1928ರಲ್ಲಿ ಕುಟುಂಬವನ್ನೇ ಹುಬ್ಬಳ್ಳಿಗೆ ಸ್ಥಳಾಂತರಿಸಿದರು. ಮಗಳ ಕಲಿಕೆಗಾಗಿ ಊರು ಬಿಡುವ ತಾಯಂದಿರು ಇಂದಿಗೂ ವಿರಳ. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ ರಾತ್ರಿಯ ಗಾಡಿಯಲ್ಲಿ ಮರಳುತ್ತಿದ್ದರು. ಹೆಣ್ಣು ಹೀಗೆ ಓಡಾಡುವುದನ್ನು ಕಂಡು ಬೀದಿಯ ಬಾಯಿ ಸುಮ್ಮನಿರಲಿಲ್ಲ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಸಮ್ಮುಖದಲ್ಲಿ, ಶಾಲಾ ಬಾಲಕಿಯಾಗಿದ್ದ ಗಂಗೂಬಾಯಿ ಸ್ವಾಗತ ಗೀತೆ ಹಾಡಿದ್ದರು. ಹಾಡುವಾಗ ಅವರ ಮನಸ್ಸಿನಲ್ಲಿದ್ದ ಅಂಜಿಕೆ, ಊಟವಾದ ಮೇಲೆ ಜಾತಿಯ ಕಾರಣಕ್ಕೆ ತನ್ನಿಂದ ಊಟದ ಜಾಗ ಬಳಿಸಿಬಿಡುತ್ತಾರೇನೋ ಎಂಬುದು. ಇದನ್ನು ಅವರೇ ನೆನೆದುಕೊಂಡಿದ್ದಾರೆ. ಐದನೆಯ ತರಗತಿಯಾಚೆ ಅವರ ಶಾಲೆ ಮುಂದುವರಿಯಲಿಲ್ಲ. 2002ರಲ್ಲಿ ಪದ್ಮ ವಿಭೂಷಣ ಬಂತು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ನಿಧನರಾದರು. ಮೈಸೂರಿನಲ್ಲಿರುವ ರಾಜ್ಯ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಇಂದು ಅವರ ಹೆಸರಿದೆ. ಐದನೆಯ ತರಗತಿಯವರೆಗಷ್ಟೇ ಓದಿದ ಹೆಣ್ಣುಮಗಳ ಹೆಸರಿನಲ್ಲಿ ಪದವಿ ಪ್ರಮಾಣಪತ್ರಗಳು ಹೊರಬರುತ್ತಿವೆ.

ಇನ್ನು ಧಾರವಾಡದ ಪಕ್ಕದ ಮನ್ಸೂರಿನ ಮಲ್ಲಿಕಾರ್ಜುನ. ಶಾಲೆ ಒಗ್ಗದೆ ನಾಟಕ ಕಂಪೆನಿ ಸೇರಿದ ಹುಡುಗ. ಅವರನ್ನು ದೊಡ್ಡ ಗಾಯಕನನ್ನಾಗಿ ರೂಪಿಸಿದ್ದು ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜಿ ಖಾನ್. 1937ರಲ್ಲಿ ಮಂಜಿ ಖಾನ್ ಅಕಾಲ ಮರಣಕ್ಕೀಡಾದಾಗ ಅವರ ತಮ್ಮ ಭೂರ್ಜಿ ಖಾನ್ ಆ ಶಿಷ್ಯನನ್ನು ಕೈಬಿಡಲಿಲ್ಲ. ಲಿಂಗಾಯತ ಮನೆತನದ ಈ ಹುಡುಗ ಮುಸ್ಲಿಮ್ ಗುರುಗಳನ್ನು ಕೊನೆಯವರೆಗೂ ಯಾವ ಭಕ್ತಿಯಿಂದ ನೆನೆದರೆಂಬುದನ್ನು ಅವರ ಆತ್ಮಕಥೆ ‘ನನ್ನ ರಸಯಾತ್ರೆ’ ಓದಿದವರು ಬಲ್ಲರು. ಹಾಗೆಯೇ ಬಂದೇ ಅಲಿ ಖಾನರ ಶಿಷ್ಯರಾದ ಸಿತಾರ್ ರತ್ನ ರಹಿಮತ್ ಖಾನರು ಧಾರವಾಡದಲ್ಲಿ ನೆಲೆ ನಿಂತು ಕಲಿಸಿದ್ದರಿಂದಲೇ ಈ ಊರಿಗೆ ಸಿತಾರ್ ಪರಂಪರೆಯೊಂದು ದಕ್ಕಿತು. ಅವರ ಮೊಮ್ಮಗ ಉಸ್ತಾದ್ ಬಾಲೆ ಖಾನ್ 2007ರಲ್ಲಿ ತೀರಿಕೊಳ್ಳುವವರೆಗೂ ಆ ಪರಂಪರೆಯನ್ನು ನುಡಿಸಿದರು. ನಮ್ಮ ಮೊಹಲ್ಲಾಗಳಲ್ಲಿ ಹತ್ತು ಯುವಕರನ್ನು ನಿಲ್ಲಿಸಿ ರಹಿಮತ್ ಖಾನ್ ಯಾರೆಂದು ಕೇಳಿದರೆ ಎಷ್ಟು ಮಂದಿ ಉತ್ತರಿಸಿಯಾರು?

ಸಂಗೀತದ ಕುರಿತು ಉಲೆಮಾಗಳ ನಡುವೆ ಇರುವ ಭಿನ್ನಾಭಿಪ್ರಾಯ ನಮಗೆ ತಿಳಿಯದ ವಿಷಯವೇನಲ್ಲ. ಇಮಾಮ್ ಗಝಾಲಿಯವರು ಈ ಬಗ್ಗೆ ಸುದೀರ್ಘವಾಗಿ ಬರೆದಿದ್ದಾರೆ, ಇಬ್ನ್ ಹಝ್ಮ್ ಒಂದು ನಿಲುವು ತಳೆದಿದ್ದಾರೆ, ಅನೇಕರು ಅದಕ್ಕೆ ವಿರುದ್ಧವಾದ ನಿಲುವು ತಳೆದಿದ್ದಾರೆ. ಆ ಚರ್ಚೆ ಇಲ್ಲಿ ಅಪ್ರಸ್ತುತ. ಇಲ್ಲಿರುವ ಪ್ರಶ್ನೆ ಬೇರೆ. ಈ ನೆಲದ ಸಾಂಸ್ಕೃತಿಕ ಬದುಕನ್ನು ಕಟ್ಟಿದವರಲ್ಲಿ ನಮ್ಮವರೂ ಇದ್ದರು ಎಂಬುದಕ್ಕೆ ಸಾಕ್ಷಿ ಒದಗಿಸುವ ಮಂದಿ ನಮ್ಮಲ್ಲಿ ತಯಾರಾಗುತ್ತಿದ್ದಾರೆಯೇ? ಇತಿಹಾಸ ಓದುವವರು, ಭಾಷೆ ಓದುವವರು, ಕಾನೂನು ಓದುವವರು ಎಷ್ಟಿದ್ದಾರೆ?

ಇಲ್ಲಿಯೇ ಪಕ್ಕದ ಕುರ್ಚಿಯ ಆ ತಂದೆಯ ಮಾತನ್ನು ದಾಖಲಿಸಬೇಕಾಗಿದೆ. ಮಗಳ ಹೆಸರನ್ನು ಕರೆದಾಗ ಅವರು ಎದ್ದು ನಿಂತರು, ಚಪ್ಪಾಳೆ ತಟ್ಟಲು ಮರೆತು ನಿಂತೇ ಇದ್ದರು. ಬಳಿಕ ಕುಳಿತುಕೊಂಡು ಮೆಲ್ಲಗೆ, “ಮೌಲಾನಾ ಸಾಹೇಬ್ರ, ನಮ್ಮ ಮಂದಿ ಎಲ್ಲಾರೂ ಬಿ.ಎ. ಮಾಡಿ ಏನ್ ಮಾಡ್ತಾಳ ಅಂತ ಕೇಳ್ತಾರ್ರೀ. ಏನ್ ಹೇಳ್ಬೇಕ್ರೀ ಅವ್ರಿಗೆ?” ಎಂದರು.

ಈ ಪ್ರಶ್ನೆ ನಮಗೆ ಅಪರಿಚಿತವಾದುದಲ್ಲ. ಮದ್ರಸದಿಂದ ಹೊರಬಂದು ಬಿ.ಎ.ಗೆ ಸೇರಿದಾಗ ಈ ಸಾಲುಗಳ ಲೇಖಕನ ಮನೆಗೂ ಅದೇ ಪ್ರಶ್ನೆ ಎರಡು ಬಾಗಿಲುಗಳಿಂದ ಬಂದಿತ್ತು. ದೀನೀ ವಲಯದವರು ಇದೇಕೆ ಎಂದರು, ದುನಿಯಾ ಬಲ್ಲವರು ಇದರಿಂದೇನು ಎಂದರು. ಎಂಜಿನಿಯರಿಂಗ್ ಮತ್ತು ವೈದ್ಯಕೀಯಗಳ ಆಚೆ ವಿದ್ಯೆಯೇ ಇಲ್ಲವೆಂಬಂತೆ ನಮ್ಮ ಮಧ್ಯಮ ವರ್ಗ ವರ್ತಿಸುತ್ತಿದೆ. ಆದರೆ ಅಂಕಿ-ಅಂಶ ಬೇರೆಯೇ ಹೇಳುತ್ತದೆ. ಉನ್ನತ ಶಿಕ್ಷಣದ 2021-22ರ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಪದವಿ ಹಂತದಲ್ಲಿ ಓದುವವರ ಪೈಕಿ 34 ಶೇಕಡಕ್ಕಿಂತ ಹೆಚ್ಚು ಮಂದಿ ಕಲಾ ವಿಭಾಗದಲ್ಲಿದ್ದಾರೆ. ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನದಲ್ಲಿರುವವರು ಸುಮಾರು 12 ಶೇಕಡ. ಅಂದರೆ ಬಡವರ ಮಕ್ಕಳು ಹೆಚ್ಚಾಗಿ ಪ್ರವೇಶಿಸುವ ಬಾಗಿಲನ್ನೇ ನಾವು ಬಾಗಿಲಲ್ಲವೆಂದು ಹೇಳುತ್ತಿದ್ದೇವೆ.

ವಿಪರ್ಯಾಸವೆಂದರೆ, ಇದೇ ಸಮುದಾಯವು ಮಾಧ್ಯಮಗಳಲ್ಲಿ ನಮ್ಮ ಧ್ವನಿಯಿಲ್ಲ ಎಂದು ದೂರುತ್ತದೆ. 2022ರಲ್ಲಿ ರಾಜ್ಯದ ಪಠ್ಯಪುಸ್ತಕ ಪರಿಷ್ಕರಣೆ ವಿವಾದವಾದಾಗ ಟಿಪ್ಪುವಿನ ಪಾಠದ ಬಗ್ಗೆ ದಾಖಲೆ ಹಿಡಿದು ಮಾತನಾಡಬಲ್ಲ ಇತಿಹಾಸಕಾರರನ್ನು ನಾವು ನಮ್ಮೊಳಗೆ ಹುಡುಕಿದೆವು. ಅದೇ ವರ್ಷ ಶಿರವಸ್ತ್ರದ ಪ್ರಕರಣ ನ್ಯಾಯಾಲಯಕ್ಕೆ ಹೋದಾಗ ಸಂವಿಧಾನ ಬಲ್ಲ ವಕೀಲರಿಗಾಗಿ ಕಾತರಿಸಿದೆವು. ಬಿ.ಎ. ಮಾಡಿ ಏನು ಮಾಡುತ್ತಾಳೆ ಎಂಬ ಪ್ರಶ್ನೆಗೆ ಉತ್ತರ ಅಂದು ನಮ್ಮೆದುರು ನಿಂತಿತ್ತು. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಸಂಭ್ರಮಿಸಿದವರು, ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರಿಗೆ 2008ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿದಾಗ ಎಲ್ಲಿದ್ದರು? ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕಾಗಿಲ್ಲ. ಆದರೆ ಸಮುದಾಯದ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಓದಿ, ತನ್ನ ಸಮಾಜದ ನೋವನ್ನು ತನ್ನ ಭಾಷೆಯಲ್ಲಿ ಹೇಳಿದ ಓರ್ವ ಮಹಿಳೆಯನ್ನು ವಿಶ್ವವಿದ್ಯಾಲಯ ಗುರುತಿಸಿತು, ನಾವು ಗುರುತಿಸಲಿಲ್ಲ ಎಂಬುದು ಸತ್ಯ.

ನಮ್ಮ ಹೆಣ್ಣುಮಕ್ಕಳು ಮಾತ್ರ ಯಾರಿಗೂ ಕಾಯದೆ ಓದುತ್ತಿದ್ದಾರೆ. 2022ರ ಮಾರ್ಚ್ 10ರಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ರಾಯಚೂರಿನ ಓರ್ವ ವಿದ್ಯಾರ್ಥಿನಿ 16 ಚಿನ್ನದ ಪದಕಗಳನ್ನು ಪಡೆದಳು. ಸಿವಿಲ್ ಎಂಜಿನಿಯರಿಂಗ್‌ನಂತಹ, ಗಂಡಸರದ್ದೇ ಎಂದು ಭಾವಿಸಲಾಗುವ ವಿಭಾಗದಲ್ಲಿ, ಶಿರವಸ್ತ್ರ ಧರಿಸಿಯೇ. ಅದಾದ ಐದನೆಯ ದಿನ, ಮಾರ್ಚ್ 15ರಂದು, ತರಗತಿಯಲ್ಲಿ ಶಿರವಸ್ತ್ರವನ್ನು ನಿರ್ಬಂಧಿಸಿದ ಸರಕಾರಿ ಆದೇಶವನ್ನು ರಾಜ್ಯ ಹೈಕೋರ್ಟು ಎತ್ತಿಹಿಡಿಯಿತು. ಅದೇ ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಮರು ವರ್ಷ, 2023ರ ಎಪ್ರಿಲ್‌ನಲ್ಲಿ, ದ್ವಿತೀಯ ಪಿಯುಸಿಯ ಕಲಾ ವಿಭಾಗದಲ್ಲಿ 600ಕ್ಕೆ 593 ಅಂಕ ಗಳಿಸಿ ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆದವಳು ಬೆಂಗಳೂರಿನ ಓರ್ವ ಮುಸ್ಲಿಮ್ ವಿದ್ಯಾರ್ಥಿನಿ. ಗೇಟಿನ ಬಳಿ ಶಿರವಸ್ತ್ರ ತೆಗೆದಿರಿಸಿ ಓದಬೇಕಾದ ಸಂದಿಗ್ಧವನ್ನು ಆಕೆ ಎದುರಿಸಿದ್ದಳು. ಮನೆಯವರು ಶಿಕ್ಷಣವನ್ನು ಬಿಡಬೇಡವೆಂದರು. ಗೇಟಿನ ಬಳಿ ಮಕ್ಕಳನ್ನು ಇಂತಹ ಆಯ್ಕೆಗೆ ತಳ್ಳಿದ ಆಡಳಿತಕ್ಕೆ ಆಕೆಯನ್ನು ಅಭಿನಂದಿಸುವ ನೈತಿಕ ಹಕ್ಕು ಎಷ್ಟಿತ್ತು ಎಂಬುದನ್ನು ಓದುಗರೇ ನಿರ್ಧರಿಸಲಿ.

ಸರಕಾರಗಳ ಧೋರಣೆ ಅಷ್ಟಕ್ಕೇ ನಿಲ್ಲಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರಕಾರವು 2022-23ರಿಂದ ನಿಲ್ಲಿಸಿತು. ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಸೀಮಿತಗೊಳಿಸಿತು. ಉನ್ನತ ಶಿಕ್ಷಣದಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2019-20ರಲ್ಲಿ 21 ಲಕ್ಷವಿದ್ದುದು 2020-21ರಲ್ಲಿ 19.21 ಲಕ್ಷಕ್ಕೆ ಕುಸಿದಿತ್ತು; ಇತರೆಲ್ಲ ದುರ್ಬಲ ವರ್ಗಗಳ ಸಂಖ್ಯೆ ಏರುತ್ತಿದ್ದ ಕಾಲದಲ್ಲಿ. ಮರು ವರ್ಷ ಅದು ಮತ್ತೆ 21 ಲಕ್ಷಕ್ಕೆ ಏರಿತು; ಅದರಲ್ಲಿ ಅರ್ಧದಷ್ಟು ಮಂದಿ ಹೆಣ್ಣುಮಕ್ಕಳು. ಪ್ರತಿಷ್ಠಿತ ಕಾಲೇಜುಗಳಲ್ಲಿ 25 ಪದವಿ ವಿದ್ಯಾರ್ಥಿಗಳಲ್ಲಿ ಒಬ್ಬ ಮತ್ತು 50 ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ಸಾಚಾರ್ ಸಮಿತಿ 2006ರಲ್ಲಿ ಬರೆದಿತ್ತು. ಪದವಿಯಿಂದ ಸ್ನಾತಕೋತ್ತರಕ್ಕೆ ಹೋಗುವ ನಡುವೆ ಅರ್ಧದಷ್ಟು ಮಂದಿ ಎಲ್ಲಿ ಕಾಣೆಯಾಗುತ್ತಾರೆ?

ಇದಕ್ಕೆ ಸರಕಾರವನ್ನು ಮಾತ್ರ ಹೊಣೆಯಾಗಿಸುವುದು ಸುಲಭ. ಹುಡುಗರು ಎಲ್ಲಿ ಹೋಗುತ್ತಾರೆಂಬುದನ್ನು ತಾರಿಹಾಳದ ಕಡೆಗೆ ಬೆಳಗಿನ ಪಾಳಿಗೆ ಹೊರಡುವ ಬಸ್ಸು ಮತ್ತು ಟಂಟಂಗಳಲ್ಲಿ ನೋಡಬಹುದು. ದುಡಿಮೆ ಅವಮಾನವಲ್ಲ, ಮನೆಯ ಒಲೆ ಉರಿಯಬೇಕಲ್ಲ. ಆದರೆ ಪಿಯುಸಿ ಅರ್ಧಕ್ಕೆ ಬಿಟ್ಟು ಗುತ್ತಿಗೆಯ ಆಧಾರದಲ್ಲಿ ಸೇರಿದ ಹುಡುಗನಿಗೆ ಕಾರ್ಖಾನೆಯ ಸುರಕ್ಷಾ ನಿಯಮಗಳ ಬಗ್ಗೆ ಕೇಳುವ ಧೈರ್ಯವಾಗಲೀ ತಿಳುವಳಿಕೆಯಾಗಲೀ ಇರುವುದಿಲ್ಲ. 2022ರ ಜುಲೈಯಲ್ಲಿ ಇದೇ ತಾರಿಹಾಳದ ಕಾರ್ಖಾನೆಯೊಂದರಲ್ಲಿ ಹತ್ತಿದ ಬೆಂಕಿಗೆ ಕಾರ್ಮಿಕರು ಬಲಿಯಾದುದನ್ನು ಅವಳಿ ನಗರ ಬಹುಬೇಗ ಮರೆಯಿತು. ಕಾರ್ಮಿಕ ಕಾನೂನು ಓದಿದ ಒಬ್ಬರು ಆ ಬಡಾವಣೆಗಳಲ್ಲಿ ಇದ್ದಿದ್ದರೆ ಎಂಬ ಯೋಚನೆ ನಮ್ಮನ್ನು ಕಾಡುತ್ತದೆ.

ಹುಡುಗಿಯರದ್ದು ಬೇರೆ ಕಥೆ. ಅವರು ಪದವಿಯವರೆಗೆ ಬರುತ್ತಾರೆ, ಹುಡುಗರಿಗಿಂತ ಚೆನ್ನಾಗಿಯೇ ಬರುತ್ತಾರೆ. ಪದಕ ಸಿಕ್ಕಿದ ವಾರವೇ ಸಂಬಂಧಗಳು ಬರತೊಡಗುತ್ತವೆ. ಹೆಚ್ಚು ಓದಿದರೆ ತಕ್ಕ ವರ ಸಿಗಲಾರನೆಂಬ ಆತಂಕವನ್ನು ನೆಂಟರು ಹೆತ್ತವರ ತಲೆಗೆ ತುಂಬುತ್ತಾರೆ. ಆ ಆತಂಕ ಸುಳ್ಳೆಂದೂ ಹೇಳಲಾಗದು, ಯಾಕೆಂದರೆ ವರನಾಗಬೇಕಾದವನು ಆಗಲೇ ಓದು ಬಿಟ್ಟಿರುತ್ತಾನೆ. ಮಗಳ ಓದಿಗೆ ಅಡ್ಡಿಯಾಗುತ್ತಿರುವುದು ಮಗನ ಓದು ನಿಂತಿರುವುದು ಎಂಬುದನ್ನು ನಾವು ಎಷ್ಟು ಮಂದಿ ಗಮನಿಸಿದ್ದೇವೆ? ‘ಓದು’ ಎಂಬ ಆಜ್ಞೆಯಿಂದ ದಿವ್ಯವಾಣಿ ಆರಂಭವಾಯಿತೆಂದೂ, ಫೆಸ್ ನಗರದ ಖರವಿಯ್ಯೀನ್ ವಿದ್ಯಾಕೇಂದ್ರವನ್ನು 859ರಲ್ಲಿ ಕಟ್ಟಿಸಿದ್ದು ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆಯೆಂದು ಇತಿಹಾಸಕಾರರು ಬರೆದಿದ್ದಾರೆಂದೂ ಪ್ರತಿ ಪ್ರತಿಭಾ ಪುರಸ್ಕಾರದ ಸಭೆಯಲ್ಲಿ ಭಾಷಣಕಾರರು ಹೇಳುತ್ತಾರೆ. ಈ ಲೇಖಕನೂ ಹೇಳಿದ್ದುಂಟು. ಸಭೆ ಮುಗಿದ ಮೇಲೆ ಎದುರಿಗೆ ಕುಳಿತಿದ್ದ ಹುಡುಗಿ ಮರುವರ್ಷ ಎಲ್ಲಿದ್ದಾಳೆಂದು ವಿಚಾರಿಸಿದ್ದು ಕಡಿಮೆ.

ಸನ್ಮಾನ ಬೇಡವೆಂದು ನಾವು ಹೇಳುತ್ತಿಲ್ಲ. ಹಿರಿಯ ಕಲಾವಿದನ ಹೆಗಲಿನ ಮೇಲೆ ಶಾಲು ಬೀಳುವಾಗ ಒಂದು ಊರು ತನ್ನ ಋಣವನ್ನು ಒಪ್ಪಿಕೊಳ್ಳುತ್ತದೆ. ಆದರೆ ನಮ್ಮ ಅನೇಕ ಸಂಘ-ಸಂಸ್ಥೆಗಳಿಗೆ ವರ್ಷದ ಏಕೈಕ ಶೈಕ್ಷಣಿಕ ಚಟುವಟಿಕೆ ಇದೇ ಆಗಿಬಿಟ್ಟಿದೆ. ಶಾಮಿಯಾನ, ಧ್ವನಿವರ್ಧಕ, ಫ್ಲೆಕ್ಸ್, ಹೊಳೆಯುವ ಫಲಕ, ಬಿರಿಯಾನಿ. ಫ್ಲೆಕ್ಸಿನಲ್ಲಿ ನಾಯಕರ ಭಾವಚಿತ್ರ ದೊಡ್ಡದು, ಮಕ್ಕಳದ್ದು ಅಂಚೆಚೀಟಿಯಷ್ಟು. ಆ ಖರ್ಚಿನ ಲೆಕ್ಕವನ್ನೂ ಸರಕಾರಿ ಕಾಲೇಜಿನ ಎಂ.ಎ. ಶುಲ್ಕವನ್ನೂ ಅಕ್ಕಪಕ್ಕ ಬರೆದು ನೋಡುವ ಅಭ್ಯಾಸ ಯಾವ ಸಮಿತಿಗೂ ಇದ್ದಂತಿಲ್ಲ.

1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಒಂದು ಶಾಲೆಯಿಂದ ಆರಂಭಿಸಿದ ಕೆಎಲ್‌ಇ ಸಂಸ್ಥೆ ಇಂದು ಏನಾಗಿದೆಯೆಂದು ಹುಬ್ಬಳ್ಳಿಯವರಿಗೆ ಹೇಳಬೇಕಾಗಿಲ್ಲ; ಅದರ ತಾಂತ್ರಿಕ ವಿಶ್ವವಿದ್ಯಾಲಯ ವಿದ್ಯಾನಗರದಲ್ಲೇ ಇದೆ. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದುದು ರೊದ್ದ ಶ್ರೀನಿವಾಸರಾಯರಂತಹವರು ಮನೆ ಮನೆಗೆ ತಿರುಗಿ ವಂತಿಗೆ ಕೂಡಿಸಿದ್ದರಿಂದ. ನಮ್ಮ ಅಂಜುಮನ್‌ಗಳನ್ನು ಕಟ್ಟಿದ ಹಿರಿಯರೂ ಅದೇ ಬಗೆಯವರು. ಚರ್ಮದ ವ್ಯಾಪಾರಿ, ಬಟ್ಟೆ ವ್ಯಾಪಾರಿ, ಗಡಿಯಾರ ರಿಪೇರಿಯವನು ಕೊಟ್ಟ ನಾಲ್ಕಾಣೆ ಎಂಟಾಣೆಗಳಿಂದ ಎದ್ದ ಕಟ್ಟಡಗಳಲ್ಲಿ ಇಂದು ಎಲ್ಲ ಧರ್ಮದ ಮಕ್ಕಳೂ ಓದುತ್ತಿದ್ದಾರೆ. ಆ ತಲೆಮಾರಿಗೆ ಫ್ಲೆಕ್ಸ್ ಇರಲಿಲ್ಲ.

ಮಸೀದಿಯ ಜಮಾಅತ್‌ಗಳು ಸದಸ್ಯರ ಚಂದಾ ಬಾಕಿಯ ಪಟ್ಟಿಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುತ್ತವೆ. ಓದು ನಿಲ್ಲಿಸಿದ ಮಕ್ಕಳ ಪಟ್ಟಿಯೊಂದನ್ನು ಅದೇ ಕಪಾಟಿನಲ್ಲಿ ಇಡಲು ಏನು ಅಡ್ಡಿ? ಸನ್ಮಾನ ಮಾಡಿದ ಸಂಸ್ಥೆಯೇ ಆ ವಿದ್ಯಾರ್ಥಿಯ ಮುಂದಿನ ಎರಡು ವರ್ಷಗಳ ಶುಲ್ಕ ಮತ್ತು ಬಸ್ ಪಾಸಿನ ಹೊಣೆ ಹೊರಲಿ. ಹೊರಲಾಗದಿದ್ದರೆ ಫಲಕಗಳ ಸಂಖ್ಯೆ ಕಡಿಮೆ ಮಾಡಲಿ. ಕಲಾವಿದರನ್ನು ಕರೆದಾಗ ಅತಿಥಿಗಳ ಭಾಷಣದಿಂದ ಅರ್ಧ ತಾಸು ಕಿತ್ತು ಅವರಿಗೆ ಕೊಡಲಿ. ಮಕ್ಕಳು ಅವರಿಂದ ಕಲಿಯಬೇಕಾದುದು, ಒಂದು ಸ್ವರ ಸರಿಯಾಗುವವರೆಗೆ ವರ್ಷಗಟ್ಟಲೆ ಕುಳಿತುಕೊಳ್ಳುವುದು ಹೇಗೆಂಬುದನ್ನು. ಅಂಕಪಟ್ಟಿ ಅದನ್ನು ಹೇಳಿಕೊಡುವುದಿಲ್ಲ.

ಸಭೆ ಮುಗಿದಾಗ ಮಧ್ಯಾಹ್ನ ಮೀರಿತ್ತು. ತಂದೆಗೆ ಎರಡನೆಯ ಪಾಳಿಗೆ ತಾರಿಹಾಳ ತಲುಪಬೇಕಿತ್ತು. ಮಗಳು ಪದಕವನ್ನು ಕೊರಳಿನಿಂದ ತೆಗೆದು ಅವರ ಕೈಗೆ ಕೊಟ್ಟಳು. ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯ ಚೀಲದೊಳಗೆ ಇಟ್ಟುಕೊಂಡರು. ಜೊತೆ ಕೆಲಸ ಮಾಡುವವರಿಗೆ ತೋರಿಸಬೇಕಂತೆ. ಇತಿಹಾಸದಲ್ಲಿ ಎಂ.ಎ. ಮಾಡುವ ಆಸೆಯಿದೆ ಎಂದು ಆಕೆ ನಮ್ಮೆದುರು ತಂದೆಯನ್ನು ನೋಡುತ್ತಲೇ ಹೇಳಿದಳು. ಅವರು ಉತ್ತರಿಸಲಿಲ್ಲ, ಅರ್ಜಿಗೆ ಕೊನೆಯ ದಿನಾಂಕ ಯಾವುದೆಂದು ಕೇಳಿದರು. ಇನ್ನು ಒಂಬತ್ತು ದಿನಗಳಿದ್ದವು.